ಹೊಡೆಯೋದು ಆಮೇಲೆ, ಮೊದಲು ವಾಪಸ್ ಬರೋದು ಕಲಿಯಿರಿ

ಬ್ರಾಲ್‌ಹಲ್ಲಾ ಅನ್ನುವ ಹೊಡೆದಾಟದ ವಿಡಿಯೊ ಗೇಮ್ ಮೊದಲ ಸಲ ಆಡುವವರು ಸ್ವಲ್ಪ ಹೊತ್ತಿಗೇ ಒಂದು ಪ್ರಶ್ನೆ ಕೇಳುತ್ತಾರೆ: "ನನ್ನ ಹೆಲ್ತ್ ಎಲ್ಲಿ ಕಾಣುತ್ತೆ?" ಟೆಕೆನ್, ಮಾರ್ಟಲ್ ಕಾಂಬ್ಯಾಟ್ ಆಡಿ ರೂಢಿಯಾದವರಿಗಂತೂ ಇದು ದೊಡ್ಡ ಗೊಂದಲ. ಆ ಆಟಗಳಲ್ಲಿ ಪರದೆಯ ಮೇಲ್ಭಾಗದಲ್ಲಿ ಒಂದು ಪಟ್ಟಿ ಇರುತ್ತದೆ. ಏಟು ಬಿದ್ದಂತೆ ಅದು ಕರಗುತ್ತದೆ, ಖಾಲಿಯಾದರೆ ಸೋಲು. ಇಲ್ಲಿ ಅಂಥ ಪಟ್ಟಿಯೇ ಇಲ್ಲ.

ನಮ್ಮ ತುಮಕೂರಿನಲ್ಲಿ ಕಾಲೇಜು ಹುಡುಗ ಹುಡುಗಿಯರು ಹಾಸ್ಟೆಲ್‌, ಪಿಜಿ ರೂಮುಗಳಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಇಬ್ಬಿಬ್ಬರು ಕೂತು ಇದನ್ನು ಆಡುವುದನ್ನು ನೋಡುತ್ತಿರುತ್ತೇನೆ. ಹೊಸಬರು ಸೋಲುವ ರೀತಿ ಹೆಚ್ಚುಕಡಿಮೆ ಒಂದೇ ಥರ. ಎದುರಾಳಿ ಹೊಡೆದು ಸೋಲಿಸುವುದಕ್ಕಿಂತ ತಾವೇ ಕೆಳಗೆ ಬಿದ್ದು ಸೋಲುವುದು ಜಾಸ್ತಿ. ಆಮೇಲೆ "ಇದು ನನಗೆ ಆಗೋದಲ್ಲ" ಅಂದು ಎದ್ದು ಹೋಗುತ್ತಾರೆ. ಅದು ನನಗೆ ಬೇಸರದ ವಿಷಯ. ಈ ಆಟ ಕಷ್ಟ ಅಲ್ಲ, ಕಲಿಯುವ ಕ್ರಮ ತಲೆಕೆಳಗಾಗಿರುತ್ತದೆ ಅಷ್ಟೆ.

ಹೆಲ್ತ್ ಇಲ್ಲದ ಜಗಳ

ಈ ಬಗೆಯ ಆಟಗಳಿಗೆ ಪ್ಲಾಟ್‌ಫಾರ್ಮ್ ಫೈಟರ್ ಅನ್ನುತ್ತಾರೆ. ಗಾಳಿಯಲ್ಲಿ ತೇಲುತ್ತಿರುವ ಒಂದು ಸ್ಟೇಜ್ ಇರುತ್ತದೆ, ಸುತ್ತ ಬರೀ ಖಾಲಿ ಜಾಗ. ಎದುರಾಳಿ ಪರದೆಯ ನಾಲ್ಕು ಅಂಚುಗಳಲ್ಲಿ ಯಾವುದಾದರೂ ಒಂದನ್ನು ದಾಟಿ ಆಚೆ ಹೋಗುವ ಹಾಗೆ ಹೊಡೆದರೆ ಅವರ ಒಂದು ಜೀವ ಹೋಯಿತು. ಇದಕ್ಕೆ ಆಟಗಾರರು ಸ್ಟಾಕ್ ಅನ್ನುತ್ತಾರೆ. ಬ್ರಾಲ್‌ಹಲ್ಲಾದಲ್ಲಿ ಒಬ್ಬರಿಗೊಬ್ಬರು ಆಡುವಾಗ ತಲಾ 3 ಸ್ಟಾಕ್ ಇರುತ್ತವೆ.

ಹಾಗಾದರೆ ಏಟು ತಿಂದರೆ ಏನಾಗುತ್ತದೆ? ಡ್ಯಾಮೇಜ್ ಏರುತ್ತದೆ. ಡ್ಯಾಮೇಜ್ ಏರಿದಷ್ಟೂ ಮುಂದಿನ ಏಟಿಗೆ ನೀವು ಜಾಸ್ತಿ ದೂರ ಹಾರುತ್ತೀರಿ. ಇದೇ ಬಗೆಯ ಹಳೆಯ ಆಟ ಸೂಪರ್ ಸ್ಮ್ಯಾಶ್ ಬ್ರದರ್ಸ್‌ನಲ್ಲಿ ಇದನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತಾರೆ. ಅದು 100ಕ್ಕೆ ನಿಲ್ಲುವುದಿಲ್ಲ, 999ರವರೆಗೂ ಹೋಗಬಹುದು. ಬ್ರಾಲ್‌ಹಲ್ಲಾದಲ್ಲಿ ಅಂಕಿ ಇಲ್ಲ, ನಿಮ್ಮ ಪಾತ್ರದ ಚಿತ್ರದ ಸುತ್ತ ಬಣ್ಣ ಬದಲಾಗುತ್ತದೆ. ಬಿಳಿಯಿಂದ ಹಳದಿ, ಕಿತ್ತಳೆ, ಕೆಂಪು, ಕೊನೆಗೆ ಕಡುಗೆಂಪು. ಆದರೆ ಕಡುಗೆಂಪು ಬಂತು ಅಂದರೆ ಸತ್ತಿರಿ ಅಂತ ಅರ್ಥ ಅಲ್ಲ. ಮುಂದಿನ ಜೋರಾದ ಏಟು ಬೀಳದಂತೆ ತಪ್ಪಿಸಿಕೊಂಡು ಇನ್ನೂ ಎಷ್ಟೋ ಹೊತ್ತು ಆಡಬಹುದು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಎಷ್ಟು ಡ್ಯಾಮೇಜ್ ಇದೆ ಅನ್ನುವಷ್ಟೇ, ಎಲ್ಲಿ ನಿಂತಿದ್ದೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸ್ಟೇಜಿನ ನಡುವೆ ನಿಂತಾಗ ಬಿದ್ದ ಏಟಿಗೆ ನೀವು ಹಾರಿ ಅಂಚಿನ ಹತ್ತಿರ ಬೀಳಬಹುದು. ಅದೇ ಏಟು ಅಂಚಿನಲ್ಲಿ ನಿಂತಾಗ ಬಿದ್ದರೆ ಸ್ಟಾಕ್ ಹೋಗಬಹುದು. ಹೀಗಾಗಿ ಚೆನ್ನಾಗಿ ಆಡುವವರು ಮೊದಲು ನಡುವಿನ ಜಾಗ ಹಿಡಿಯುತ್ತಾರೆ. ಎದುರಾಳಿಯನ್ನು ಮೂಲೆಗೆ ತಳ್ಳಿ, ಅಲ್ಲಿಂದ ಬರಲು ಬಿಡದೆ ಕಾಯುತ್ತಾರೆ. ನೋಡುವವರಿಗೆ ಅವರು ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ. ಅಷ್ಟರಲ್ಲಿ ಅರ್ಧ ಆಟ ಗೆದ್ದಿರುತ್ತಾರೆ.

ಹೊಸಬರಿಗೆಂದೇ ಹುಟ್ಟಿದ ಆಟ

ಈ ಬಗೆಯ ಆಟಗಳ ಮೂಲ ಜಪಾನಿನಲ್ಲಿದೆ. ಹಾಲ್ ಲ್ಯಾಬೊರೇಟರಿ ಅನ್ನುವ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಮಸಾಹಿರೊ ಸಕುರಾಯಿ ಒಮ್ಮೆ ಆರ್ಕೇಡಿನಲ್ಲಿ ಕಿಂಗ್ ಆಫ್ ಫೈಟರ್ಸ್ 95 ಆಡುತ್ತಿದ್ದರು. ಎದುರಿಗೆ ಕೂತಿದ್ದದ್ದು ಆಟಕ್ಕೆ ಹೊಸಬರಾದ ಒಂದು ಜೋಡಿ. ಸಕುರಾಯಿ ಅವರನ್ನು ಸುಲಭವಾಗಿ ಸೋಲಿಸಿಬಿಟ್ಟರು. ಆ ಗೆಲುವು ಅವರಿಗೆ ಸಂತೋಷ ಕೊಡಲಿಲ್ಲ. ಹೊಸಬರು ಹತ್ತಿರ ಬರಲೂ ಆಗದಷ್ಟು ಈ ಆಟಗಳು ಕಠಿಣವಾಗಿವೆಯಲ್ಲ ಅನ್ನುವ ಯೋಚನೆ ಅಲ್ಲಿ ಶುರುವಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ.

ಅವರು ವಿನ್ಯಾಸ ಮಾಡಿದ ಮೊದಲ ಮಾದರಿಗೆ ಪ್ರೋಗ್ರಾಂ ಬರೆದವರು ಸತೊರು ಇವಾಟಾ. ಇವರೇ ಮುಂದೆ 2002ರಲ್ಲಿ ನಿಂಟೆಂಡೊ ಕಂಪನಿಯ ಅಧ್ಯಕ್ಷರಾದರು. ಆ ಮಾದರಿಯೇ ಬೆಳೆದು 1999ರಲ್ಲಿ ಸೂಪರ್ ಸ್ಮ್ಯಾಶ್ ಬ್ರದರ್ಸ್ ಆಗಿ ಬಂತು. ಉದ್ದುದ್ದ ಬಟನ್ ಸರಣಿ ಬಾಯಿಪಾಠ ಮಾಡಬೇಕಿಲ್ಲ. ಒಂದು ದಿಕ್ಕು, ಒಂದು ಬಟನ್, ಅಷ್ಟಕ್ಕೇ ಒಂದು ಹೊಡೆತ ಬರುತ್ತದೆ. ದಿಕ್ಕು ಬದಲಾದರೆ ಹೊಡೆತವೂ ಬದಲು.

2001ರಲ್ಲಿ ಅದರ ಎರಡನೇ ಆಟ ಮೆಲೀ ಬಂತು, 2018ರಲ್ಲಿ ಅಲ್ಟಿಮೇಟ್ ಬಂತು. ಅಲ್ಟಿಮೇಟ್‌ನಲ್ಲಿ ಆಮೇಲೆ ಸೇರಿಸಿದ್ದೂ ಸೇರಿ ಒಟ್ಟು 89 ಪಾತ್ರಗಳಿವೆ. ಇವು ನಿಂಟೆಂಡೊದ ಯಂತ್ರಗಳಲ್ಲಿ ಮಾತ್ರ ಬರುವ ಆಟಗಳು, ಯಂತ್ರವೂ ಆಟವೂ ಸೇರಿ ಖರ್ಚು ಜಾಸ್ತಿ. ಅದಕ್ಕೇ ನಮ್ಮೂರಿನಲ್ಲಿ ಕೇಳುವವರಿಗೆ ನಾನು ಬ್ರಾಲ್‌ಹಲ್ಲಾ ಹೇಳುತ್ತೇನೆ. 2017ರಲ್ಲಿ ಬಿಡುಗಡೆಯಾದ ಇದು ಉಚಿತ. 2020ರಿಂದ ಫೋನಿನಲ್ಲೂ ಇದೆ. ಹಳೆಯ ಲ್ಯಾಪ್‌ಟಾಪಿನಲ್ಲೂ ತಕ್ಕಮಟ್ಟಿಗೆ ಓಡುತ್ತದೆ. ಫೋನಿನವರು, ಕಂಪ್ಯೂಟರಿನವರು ಒಬ್ಬರಿಗೊಬ್ಬರು ಎದುರಾಗಿ ಆಡಬಹುದು. ದುಡ್ಡು ಕೊಡಬಲ್ಲವರಿಗೆ ಕಂಪ್ಯೂಟರಿನಲ್ಲಿ ರೈವಲ್ಸ್ ಆಫ್ ಈಥರ್ ಕೂಡ ಒಳ್ಳೆಯ ಆಟ, ಅದರ ಎರಡನೇ ಭಾಗ 2024ರಲ್ಲಿ ಬಂತು.

"ಇದು ದುಡ್ಡು ಕಟ್ಟಿ ಆಡುವ ಆಟವಾ?" ಅಂತ ಮನೆಯವರು ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಬ್ರಾಲ್‌ಹಲ್ಲಾ ಅಂಥ ಆಟ ಅಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿದ್ದು ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು. ಬ್ರಾಲ್‌ಹಲ್ಲಾದಲ್ಲಿ ದುಡ್ಡು ಕೇಳುವುದು ಪಾತ್ರಗಳಿಗೆ, ಅವುಗಳ ಬಟ್ಟೆಬರೆಗೆ. ಬಟ್ಟೆ ಬದಲಾದರೆ ಬಲ ಬದಲಾಗುವುದಿಲ್ಲ. ಆದರೂ ಚಿಕ್ಕ ಮಕ್ಕಳ ಕೈಗೆ ಫೋನ್ ಕೊಡುವಾಗ ಖರೀದಿಗೆ ಪಾಸ್‌ವರ್ಡ್ ಹಾಕಿಟ್ಟು ಕೊಡಿ.

ಸ್ಟೇಜಿಗೆ ವಾಪಸ್ ಬರುವುದು

ಈಗ ನಿಜವಾದ ವಿಷಯಕ್ಕೆ ಬರೋಣ. ಸ್ಟೇಜಿನಿಂದ ಆಚೆ ಹಾರಿದವರು ಮತ್ತೆ ಸ್ಟೇಜಿಗೆ ಬಂದು ಸೇರುವುದಕ್ಕೆ ರಿಕವರಿ ಅನ್ನುತ್ತಾರೆ. ಕಬಡ್ಡಿಯಲ್ಲಿ ರೈಡ್‌ಗೆ ಹೋದವನ ಪಾಡು ನೆನಪಿಸಿಕೊಳ್ಳಿ. ಮುಟ್ಟಿ ಬಂದರೆ ಸಾಲದು, ಗೆರೆಗೆ ವಾಪಸ್ ತಾಕಬೇಕು. ಅಲ್ಲಿಯವರೆಗೆ ಎದುರಿನವರೆಲ್ಲ ಅವನ ಕಾಲಿಗೇ ಕಣ್ಣಿಟ್ಟಿರುತ್ತಾರೆ. ಇಲ್ಲೂ ಅಷ್ಟೇ. ನೀವು ಆಚೆ ಇದ್ದಾಗ ಎದುರಾಳಿ ಅಂಚಿನಲ್ಲಿ ನಿಂತು, ಕೆಲವೊಮ್ಮೆ ತಾವೂ ಹೊರಗೆ ಜಿಗಿದು, ನಿಮ್ಮ ದಾರಿ ತಡೆಯುತ್ತಾರೆ. ಇದು ಎಡ್ಜ್‌ಗಾರ್ಡ್.

ವಾಪಸ್ ಬರಲು ನಿಮ್ಮ ಕೈಯಲ್ಲಿ ಏನೇನಿದೆ? ಬ್ರಾಲ್‌ಹಲ್ಲಾದಲ್ಲಿ ನೆಲದಿಂದ ಜಿಗಿದ ಮೇಲೆ ಗಾಳಿಯಲ್ಲಿ ಇನ್ನೂ ಎರಡು ಜಿಗಿತ ಸಿಗುತ್ತವೆ. ಗಾಳಿಯಲ್ಲಿ ಮೇಲಿನ ದಿಕ್ಕು ಹಿಡಿದು ಹೆವಿ ಬಟನ್ (ಜೋರು ಹೊಡೆತದ ಬಟನ್) ಒತ್ತಿದರೆ ಮೇಲಕ್ಕೆ ಎತ್ತಿ ಒಯ್ಯುವ ಹೊಡೆತ ಬರುತ್ತದೆ, ಅದರ ಹೆಸರೇ ರಿಕವರಿ. ಬೇಕಾದ ದಿಕ್ಕಿಗೆ ಡಾಡ್ಜ್ ಮಾಡಿ, ಅಂದರೆ ಏಟು ತಪ್ಪಿಸಿಕೊಳ್ಳುವ ಬಟನ್ ಒತ್ತಿ, ಸ್ವಲ್ಪ ದೂರ ಸರಿಯಬಹುದು. ಸ್ಟೇಜಿನ ಪಕ್ಕದ ಗೋಡೆಗೆ ತಾಗಿದರೆ ಅಲ್ಲಿಂದಲೂ ಜಿಗಿಯಬಹುದು.

ಹೊಸಬರು ಇವೆಲ್ಲವನ್ನೂ ಗಾಬರಿಯಲ್ಲಿ ಒಂದೇ ಉಸಿರಿಗೆ ಖರ್ಚು ಮಾಡುತ್ತಾರೆ. ಎರಡೂ ಜಿಗಿತ ಮುಗಿಯಿತು, ಡಾಡ್ಜ್ ಮುಗಿಯಿತು, ಸ್ಟೇಜ್ ಇನ್ನೂ ಒಂದು ಮಾರು ದೂರ. ಅದರ ಬದಲು ಹೀಗೆ ಮಾಡಿ. ಹಾರುತ್ತಿರುವಾಗಲೇ ಸ್ಟೇಜಿನ ಕಡೆ ದಿಕ್ಕು ಹಿಡಿದಿರಿ. ಹಾರುವ ವೇಗ ಇಳಿಯುವವರೆಗೆ ಜಿಗಿಯಬೇಡಿ. ಆಮೇಲೆ ಒಂದು ಜಿಗಿತ, ಸ್ವಲ್ಪ ಬೀಳಲು ಬಿಡಿ, ಎದುರಾಳಿ ಎಲ್ಲಿದ್ದಾರೆ ನೋಡಿ, ಆಮೇಲೆ ಎರಡನೆಯದು. ರಿಕವರಿ ಹೊಡೆತವನ್ನು ಕೊನೆಗೆ ಇಟ್ಟುಕೊಳ್ಳಿ. ಪ್ರತಿ ಸಲ ಒಂದೇ ಎತ್ತರದಿಂದ, ಒಂದೇ ಹೊತ್ತಿಗೆ ಬರಬೇಡಿ. ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ಗೋಡೆ ಹಿಡಿದು, ಒಮ್ಮೆ ಸುಮ್ನೆ ಅರೆಕ್ಷಣ ತಡ ಮಾಡಿ. ಅಂಚಿನಲ್ಲಿ ಕಾಯುತ್ತಿರುವವರು ಊಹೆಯ ಮೇಲೆ ಹೊಡೆಯುತ್ತಾರೆ. ಊಹೆ ತಪ್ಪಿದರೆ ನೀವು ಒಳಗೆ ಬಂದಿರಿ.

ಇದನ್ನು ಕಲಿಯಲು ಎದುರಾಳಿಯೇ ಬೇಡ. ಆಟದೊಳಗೇ ಇರುವ ಟ್ರೈನಿಂಗ್ ರೂಮಿಗೆ ಹೋಗಿ. ಸ್ಟೇಜಿನಿಂದ ಹೊರಗೆ ಓಡಿ, ಆದಷ್ಟು ದೂರ ಹೋಗಿ, ವಾಪಸ್ ಬನ್ನಿ. ಮತ್ತೆ ಇನ್ನಷ್ಟು ಕೆಳಗೆ ಇಳಿದು ವಾಪಸ್ ಬನ್ನಿ. ಎಷ್ಟು ದೂರದಿಂದ ಬರಬಹುದು ಅನ್ನುವ ಅಂದಾಜು ಕೈಗೆ ಬಂದ ದಿನ ಆಟದಲ್ಲಿ ಗಾಬರಿ ಹೋಗುತ್ತದೆ. ಹೊಡೆಯುವುದನ್ನು ಕಲಿಯಲು ಮನಸ್ಸಿಗೆ ಬಿಡುವು ಸಿಗುವುದು ಆಗಲೇ. ಹೊಸಬರು ಮೊದಲ ವಾರ ಕಾಂಬೊ (ಒಂದರ ಹಿಂದೆ ಒಂದು ಹೊಡೆತ ಜೋಡಿಸುವುದು) ವಿಡಿಯೊ ನೋಡುವುದು ಬಿಟ್ಟು ಇದೊಂದನ್ನೇ ಮಾಡಲಿ ಅಂತ ನಾನು ಎಲ್ಲರಿಗೂ ಒತ್ತಾಯ ಮಾಡುತ್ತೇನೆ.

ಕಣ್ಣು ಎಲ್ಲಿರಬೇಕು

ಈ ಆಟಗಳು ಒಂದು ಸೆಕೆಂಡಿಗೆ 60 ಚಿತ್ರ ತೋರಿಸುತ್ತವೆ. ಒಂದೊಂದು ಚಿತ್ರಕ್ಕೂ ಫ್ರೇಮ್ ಅಂತ ಹೆಸರು, ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ನಮ್ಮ ಕೈ ಸ್ಪಂದಿಸಲು ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು, ಅಂದರೆ 12ರಿಂದ 15 ಫ್ರೇಮ್. ಚುರುಕಾದ ಹೊಡೆತಗಳು 10 ಫ್ರೇಮಿಗಿಂತ ಬೇಗ ಹೊರಡುತ್ತವೆ. ಲೆಕ್ಕ ಮಾಡಿ ನೋಡಿ. ಅಂಥ ಹೊಡೆತವನ್ನು ನೋಡಿದ ಮೇಲೆ ತಪ್ಪಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. ದೊಡ್ಡ ಆಟಗಾರರಿಗೂ ಆಗುವುದಿಲ್ಲ. ಅವರು ಮೊದಲೇ ಊಹಿಸುತ್ತಾರೆ, ಇಲ್ಲವೇ ಹೊಡೆತ ತಾಗದಷ್ಟು ದೂರದಲ್ಲಿ ನಿಲ್ಲುತ್ತಾರೆ.

ಪ್ರತಿ ಹೊಡೆತಕ್ಕೂ ಮೂರು ಹಂತ ಇರುತ್ತವೆ. ಕೈ ಎತ್ತುವ ಹೊತ್ತು, ಏಟು ತಾಗುವ ಹೊತ್ತು, ಕೈ ಹಿಂದಕ್ಕೆ ತೆಗೆದುಕೊಳ್ಳುವ ಹೊತ್ತು. ಮೂರನೇ ಹಂತದಲ್ಲಿ ಹೊಡೆದವರು ಏನೂ ಮಾಡಲಾರರು. ದೊಡ್ಡ ಹೊಡೆತಗಳಲ್ಲಿ ಈ ಹಂತವೂ ದೊಡ್ಡದು. ಬ್ರಾಲ್‌ಹಲ್ಲಾದಲ್ಲಿ ನೆಲದ ಮೇಲೆ ಹೆವಿ ಬಟನ್ ಒತ್ತಿದರೆ ಬರುವ ಸಿಗ್ನೇಚರ್ ಹೊಡೆತಗಳು ಇದೇ ಜಾತಿಯವು. ಆಟಗಾರರ ಬಾಯಲ್ಲಿ ಅದು ಬರೀ ಸಿಗ್. ನೋಡಲು ಭರ್ಜರಿ, ತಾಗಿದರೆ ಜೋರು. ಶುರುವಿನಲ್ಲಿ ನಿಮ್ಮನ್ನು ಸೋಲಿಸುವವರಲ್ಲಿ ಹೆಚ್ಚಿನವರು ಸಿಗ್ ಮೇಲೆ ಸಿಗ್ ಒತ್ತುವವರೇ ಆಗಿರುತ್ತಾರೆ. ಅವರ ಹತ್ತಿರ ಓಡಿಹೋಗಬೇಡಿ. ಸಿಗ್ ತಾಗದ ದೂರದಲ್ಲಿ ನಿಂತು ಕಾಯಿರಿ. ಅವರು ಒತ್ತಿದರು, ನಿಮಗೆ ತಾಗಲಿಲ್ಲ, ಈಗ ಅವರು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ. ಆಗ ಹೋಗಿ ಹೊಡೆಯಿರಿ. ಇದಕ್ಕೆ ಪನಿಶ್ ಅನ್ನುತ್ತಾರೆ. ಈ ಕಾಯುವ ಅಭ್ಯಾಸ ಒಂದರಿಂದಲೇ ಸಾಕಷ್ಟು ಆಟ ಗೆಲ್ಲಬಹುದು.

ಇದಕ್ಕೆಲ್ಲ ಕಣ್ಣು ಎದುರಾಳಿಯ ಮೇಲೆ ಇರಬೇಕು. ಹೊಸಬರು ತಮ್ಮ ಪಾತ್ರವನ್ನೇ ನೋಡುತ್ತಿರುತ್ತಾರೆ. ಸಹಜ ಅಲ್ವಾ? ಎಲ್ಲಿದ್ದೇನೆ ಅಂತಲೇ ಗೊತ್ತಾಗದಿದ್ದರೆ ಇನ್ನೇನು ಮಾಡುವುದು! ಸ್ಟೇಜಿನಲ್ಲಿ ಓಡುವುದು, ಜಿಗಿಯುವುದು, ಬೇಗ ಕೆಳಗಿಳಿಯುವುದು ಬೆರಳಿಗೆ ರೂಢಿಯಾದರೆ ಕಣ್ಣಿಗೆ ಬಿಡುವು ಸಿಗುತ್ತದೆ. ಬೇಗ ಇಳಿಯಲು ಗಾಳಿಯಲ್ಲಿ ಕೆಳಗಿನ ದಿಕ್ಕು ಒತ್ತಬೇಕು. ಗಾಳಿಯಲ್ಲಿ ಇರುವಷ್ಟು ಹೊತ್ತೂ ನಿಮಗೆ ಅಪಾಯ ಜಾಸ್ತಿ. ಆದ್ದರಿಂದ ಸುಮ್ಮನೆ ಜಿಗಿಯುತ್ತಾ ಇರಬೇಡಿ.

ತಪ್ಪಿಸಿಕೊಳ್ಳುವ ವಿಷಯದಲ್ಲಿ ಎರಡು ಆಟಗಳು ಬೇರೆ ಬೇರೆ. ಸ್ಮ್ಯಾಶ್‌ನಲ್ಲಿ ಶೀಲ್ಡ್ ಇದೆ. ಹೊಡೆತವನ್ನು ಶೀಲ್ಡ್ ತಡೆಯುತ್ತದೆ, ಶೀಲ್ಡ್ ಹಿಡಿದವರನ್ನು ಗ್ರಾಬ್ ಮಾಡಿ, ಅಂದರೆ ಹಿಡಿದು, ಎಸೆಯಬಹುದು, ಗ್ರಾಬ್‌ಗೆ ಬಂದವರನ್ನು ಮೊದಲೇ ಹೊಡೆಯಬಹುದು. ಬ್ರಾಲ್‌ಹಲ್ಲಾದಲ್ಲಿ ಶೀಲ್ಡ್ ಇಲ್ಲ, ಡಾಡ್ಜ್ ಮಾತ್ರ. ಡಾಡ್ಜ್ ಮಾಡಿದ ಕ್ಷಣ ಏಟು ನಿಮ್ಮನ್ನು ಹಾದುಹೋಗುತ್ತದೆ. ಆದರೆ ಒಮ್ಮೆ ಮಾಡಿದರೆ ಮತ್ತೆ ಸಿಗಲು ಸ್ವಲ್ಪ ಕಾಯಬೇಕು, ಗಾಳಿಯಲ್ಲಿ ಇನ್ನೂ ಜಾಸ್ತಿ ಕಾಯಬೇಕು. ಏಟು ಬಿದ್ದ ತಕ್ಷಣ ಗಾಬರಿಯಿಂದ ಡಾಡ್ಜ್ ಒತ್ತುವುದು ಎಲ್ಲರಿಗೂ ಬರುವ ಅಭ್ಯಾಸ. ಚೆನ್ನಾಗಿ ಆಡುವವರು ಅದಕ್ಕೇ ಕಾಯುತ್ತಾರೆ. ಡಾಡ್ಜ್ ಮುಗಿಯಲು ಬಿಟ್ಟು ಹೊಡೆಯುತ್ತಾರೆ. ಒಂದೊಂದು ಸಲ ಡಾಡ್ಜ್ ಮಾಡದೆ ಬರೀ ಜಿಗಿದು ಹೋಗಿ ನೋಡಿ, ಅವರ ಲೆಕ್ಕ ತಪ್ಪುತ್ತದೆ.

ಯಾವ ಪಾತ್ರ

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬ್ರಾಲ್‌ಹಲ್ಲಾದಲ್ಲಿ ಪ್ರತಿ ಪಾತ್ರಕ್ಕೂ ಎರಡು ಆಯುಧ, ಮತ್ತು ಒಂದೇ ಆಯುಧ ಹಲವು ಪಾತ್ರಗಳಿಗೆ ಇರುತ್ತದೆ. ಸಿಗ್ ಮಾತ್ರ ಪಾತ್ರಕ್ಕೆ ತಕ್ಕ ಹಾಗೆ ಬೇರೆ, ಲೈಟ್ ಅನ್ನುವ ಹಗುರ ಹೊಡೆತಗಳು ಆಯುಧಕ್ಕೆ ತಕ್ಕ ಹಾಗೆ. ಆದ್ದರಿಂದ ಕತ್ತಿ ಕಲಿತರೆ ಕತ್ತಿ ಹಿಡಿಯುವ ಎಲ್ಲರನ್ನೂ ಅರ್ಧ ಕಲಿತಂತೆ. ಬೋಡ್‌ವಾರ್ ಅನ್ನುವ ಪಾತ್ರದ ಬಳಿ ಕತ್ತಿ, ಸುತ್ತಿಗೆ ಇವೆ, ಶುರುವಿಗೆ ಒಳ್ಳೆಯ ಆಯ್ಕೆ. ಕೆಲವು ಪಾತ್ರಗಳನ್ನು ಉಚಿತವಾಗಿ ಆಡಲು ಕೊಡುತ್ತಾರೆ, ಅದು ಆಗಾಗ ಬದಲಾಗುತ್ತದೆ. ಆಡುತ್ತಾ ಸಿಗುವ ಚಿನ್ನದಲ್ಲಿ (ಆಟದೊಳಗಿನ ನಾಣ್ಯ) ಇಷ್ಟವಾದವರನ್ನು ಕೊಂಡುಕೊಳ್ಳಬಹುದು. ಯಾವ ಪಾತ್ರ ಎಲ್ಲಕ್ಕಿಂತ ಬಲಶಾಲಿ ಅನ್ನುವ ಪಟ್ಟಿಗಳು ಹೊಸಬರಿಗೆ ಉಪಯೋಗಕ್ಕೆ ಬರುವುದಿಲ್ಲ. ನೋಡಲು ಇಷ್ಟವಾದ ಪಾತ್ರ ತೆಗೆದುಕೊಳ್ಳಿ. ಒಂದು ತಿಂಗಳಾದರೂ ಅದನ್ನು ಬದಲಿಸಬೇಡಿ.

ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡುವವರಿಗೆ ಒಂದು ಮಾತು. ಕಡಿಮೆ ಬೆಲೆಯ ಎಷ್ಟೋ ಕೀಬೋರ್ಡುಗಳು ಒಟ್ಟಿಗೆ ಮೂರಕ್ಕಿಂತ ಹೆಚ್ಚು ಕೀ ಒತ್ತಿದರೆ ಕೆಲವನ್ನು ಗುರುತಿಸುವುದಿಲ್ಲ. ನಿಮ್ಮ ಜಿಗಿತ ಬಾರದಿದ್ದರೆ ಅದು ಗೆಳೆಯನ ಮೋಸ ಅಲ್ಲ, ನಿಮ್ಮ ತಪ್ಪೂ ಅಲ್ಲ. ಒಬ್ಬರು ಕಂಟ್ರೋಲರ್ ಹಿಡಿದರೆ ಸಮಸ್ಯೆ ಮುಗಿಯಿತು. ಫೋನಿನಲ್ಲೂ ಬ್ಲೂಟೂತ್ ಕಂಟ್ರೋಲರ್ ಸೇರಿಸಬಹುದು. ಗಾಜಿನ ಮೇಲಿನ ಬಟನ್ನಿಗಿಂತ ಅದು ಬೆರಳಿಗೆ ಎಷ್ಟೋ ವಾಸಿ.

ತುಮಕೂರಿನಿಂದ ಸರ್ವರಿಗೆ

ಆನ್‌ಲೈನ್ ಆಡುವಾಗ "ಲ್ಯಾಗ್ ಹೊಡೀತಿದೆ" ಅನ್ನುವ ಮಾತು ದಿನಾ ಕೇಳುತ್ತೇವೆ. ಅದರ ಒಳಗಿನ ಲೆಕ್ಕ ಹೀಗಿದೆ. ಸರ್ವರ್, ಅಂದರೆ ಆಟ ನಡೆಸುವ ದೂರದ ಕಂಪ್ಯೂಟರ್, ಸಿಂಗಪುರದಲ್ಲಿ ಇದೆ ಅಂತ ಇಟ್ಟುಕೊಳ್ಳಿ. ಇಲ್ಲಿಂದ ಅಲ್ಲಿಗೆ ನೇರ ಅಳತೆಯಲ್ಲೇ ಸುಮಾರು 3,200 ಕಿಲೋಮೀಟರ್. ಗಾಜಿನ ಕೇಬಲ್ಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಕನಿಷ್ಠ 32 ಮಿಲಿಸೆಕೆಂಡ್ ಬೇಕೇ ಬೇಕು. ನಿಜದಲ್ಲಿ ಕೇಬಲ್ ನೇರವಾಗಿ ಹೋಗುವುದಿಲ್ಲ. ಚೆನ್ನೈಯಂಥ ಊರಿನ ಕಡಲತೀರಕ್ಕೆ ಹೋಗಿ, ಅಲ್ಲಿಂದ ಸಮುದ್ರದ ತಳದಲ್ಲಿ ಸಾಗಬೇಕು. ನಡುವೆ ಇರುವ ಯಂತ್ರಗಳೂ ಸ್ವಲ್ಪ ಸ್ವಲ್ಪ ಹೊತ್ತು ತಿನ್ನುತ್ತವೆ. ಹೀಗಾಗಿ ಪಿಂಗ್, ಅಂದರೆ ಹೋಗಿ ಬರಲು ಹಿಡಿಯುವ ಹೊತ್ತು, ಇನ್ನೂ ಏರುತ್ತದೆ. 60 ಮಿಲಿಸೆಕೆಂಡ್ ಅಂದರೆ ಹೆಚ್ಚುಕಡಿಮೆ 4 ಫ್ರೇಮ್, 150 ಅಂದರೆ 9 ಫ್ರೇಮ್. ಎಷ್ಟು ದುಬಾರಿ ಪ್ಲಾನ್ ಹಾಕಿಸಿದರೂ ದೂರ ಕಡಿಮೆ ಆಗುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ಪಿಂಗ್ ಎಲ್ಲಕ್ಕಿಂತ ಕಡಿಮೆ ಇರುವ ಪ್ರದೇಶವನ್ನು ಆರಿಸಿಕೊಳ್ಳುವುದು ನಮ್ಮ ಕೈಲಿರುವ ಕೆಲಸ.

ಈ ತಡವನ್ನು ಮರೆಮಾಡಲು ಒಂದು ಜಾಣ ಉಪಾಯ ಇದೆ, ರೋಲ್‌ಬ್ಯಾಕ್. ಎದುರಾಳಿ ಏನು ಒತ್ತಿದರು ಅನ್ನುವ ಸುದ್ದಿ ಬರುವ ಮೊದಲೇ ನಿಮ್ಮ ಯಂತ್ರ ಅದನ್ನು ಊಹಿಸಿ ಆಟ ಮುಂದುವರಿಸುತ್ತದೆ. ಊಹೆ ತಪ್ಪಾಗಿದ್ದರೆ ಕೆಲವು ಫ್ರೇಮ್ ಹಿಂದೆ ಹೋಗಿ ಸರಿಮಾಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಮುಂದೆ ಬರುತ್ತದೆ. 2001ರ ಮೆಲೀ ಆಟಕ್ಕೆ 2020ರಲ್ಲಿ ಅಭಿಮಾನಿಗಳು ಸ್ಲಿಪ್ಪಿ ಅನ್ನುವ ತಂತ್ರಾಂಶದ ಮೂಲಕ ಇದನ್ನು ಸೇರಿಸಿದರು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತಿದ್ದ ಆಟಗಾರರಿಗೆ ಅದು ದೊಡ್ಡ ಉಪಕಾರವಾಯಿತು.

ಪಿಂಗ್ ಏರಿಳಿತ ಆಗುವುದು ಪಿಂಗ್ ಜಾಸ್ತಿ ಇರುವುದಕ್ಕಿಂತ ಕೆಟ್ಟದ್ದು. ಒಂದೇ ಸಮನಾಗಿ 80 ಇದ್ದರೆ ಕೈ ಒಗ್ಗಿಕೊಳ್ಳುತ್ತದೆ. 40, 200, 60 ಅಂತ ಕುಣಿದರೆ ಒಗ್ಗುವುದಿಲ್ಲ. ರೂಟರ್ ಹತ್ತಿರ ಇದ್ದರೆ ವೈಫೈ ಬಿಟ್ಟು ಕೇಬಲ್ ಹಾಕಿ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವವರು ಫೋನಿನಲ್ಲಿ ಗೆದ್ದರೆ ಸೋತರೆ ದರ್ಜೆ ಏರಿಳಿಯುವ ರ‍್ಯಾಂಕ್ಡ್ ಆಡಬೇಡಿ. ಕ್ಯಾತ್ಸಂದ್ರ ದಾಟಿದ ಮೇಲೆ ಟವರ್ ಬದಲಾಗುತ್ತಾ ಹೋಗುತ್ತದೆ, ಸಿಗ್ನಲ್ ತಪ್ಪಿದ ಕ್ಷಣಕ್ಕೆ ಸ್ಟಾಕ್ ಹೋಗುತ್ತದೆ. ಆ ಹೊತ್ತಿಗೆ ಟ್ರೈನಿಂಗ್ ರೂಮ್ ಒಳ್ಳೆಯದು.

ಇಷ್ಟಾದ ಮೇಲೆ

ರಿಕವರಿ ಕೈಗೆ ಬಂತು, ಕಾಯುವುದು ಬಂತು ಅನ್ನಿಸಿದಾಗ ರ‍್ಯಾಂಕ್ಡ್ ಶುರುಮಾಡಿ. ಟಿನ್, ಬ್ರಾಂಜ್, ಸಿಲ್ವರ್, ಗೋಲ್ಡ್ ಹೀಗೆ ಮೆಟ್ಟಿಲುಗಳಿವೆ. ಮೆಟ್ಟಿಲಿಗಿಂತ ನಿಮ್ಮ ಸಮಕ್ಕೆ ಆಡುವವರು ಸಿಗುತ್ತಾರೆ ಅನ್ನುವುದೇ ಅದರ ಲಾಭ. ಗೆಳೆಯರ ಗುಂಪಿನಲ್ಲಿ ಒಬ್ಬರು ಮಾತ್ರ ಚೆನ್ನಾಗಿ ಆಡುವವರಾಗಿದ್ದರೆ ಉಳಿದವರು ಬೇಗ ಸೋತು ಕೈಬಿಡುತ್ತಾರೆ. ಅಂಥವರು ಹೊಸಬರ ಜೊತೆ ಆಡುವಾಗ ತಮಗೆ ಗೊತ್ತಿಲ್ಲದ ಆಯುಧ ತೆಗೆದುಕೊಳ್ಳಲಿ. ಅವರಿಗೂ ಕಲಿಕೆ ಆಗುತ್ತದೆ.

ಸೋತ ಆಟದ ರೀಪ್ಲೇ ನೋಡುವುದು ಬೇಸರದ ಕೆಲಸ ಅನ್ನಿಸಬಹುದು. ಪೂರ್ತಿ ನೋಡಬೇಕಿಲ್ಲ. ನಿಮ್ಮ ಮೂರು ಸ್ಟಾಕ್ ಹೋದ ಜಾಗಕ್ಕೆ ನೇರ ಹೋಗಿ, ಪ್ರತಿಯೊಂದಕ್ಕೂ ಅದಕ್ಕಿಂತ ಐದು ಸೆಕೆಂಡ್ ಹಿಂದಿನಿಂದ ನೋಡಿ. ಎಲ್ಲಿ ನಿಂತಿದ್ದಿರಿ? ಜಿಗಿತ ಎಷ್ಟು ಉಳಿದಿತ್ತು? ಡಾಡ್ಜ್ ಯಾವಾಗ ಒತ್ತಿದಿರಿ? ಮೂರರಲ್ಲಿ ಎರಡು ಸಲ ಒಂದೇ ಉತ್ತರ ಬಂದರೆ ನಾಳೆ ಟ್ರೈನಿಂಗ್ ರೂಮಿನಲ್ಲಿ ಏನು ಅಭ್ಯಾಸ ಮಾಡಬೇಕು ಅನ್ನುವುದು ಸಿಕ್ಕಿತು.